ಕುಸುಬಿ ಎಣ್ಣೆ ಕುಡಿದ ಫಟಫಟಿ

ನಮ್ಮ ಆಳಂದದಲ್ಲಿ ಆಗ ಫಟಫಟಿ ಎಂದರೆ ಗಂಡಸರ ಸ್ವತ್ತು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಊರಿನಲ್ಲಿದ್ದ ಮೋಟರ್ ಸೈಕಲ್ಲುಗಳು ಎಷ್ಟು ಕಡಿಮೆಯೆಂದರೆ, ಕಟ್ಟೆಯ ಮೇಲೆ ಗಜಗ ಆಡುತ್ತ ಕುಳಿತ ನಾವು ಹುಡುಗಿಯರು ತಲೆ ಎತ್ತದೆ ಬರೀ ಸಪ್ಪಳದ ಮೇಲೆ ಇದು ಅಡತಿ ಅಂಗಡಿಯವರದು, ಇದು ಡಾಕ್ಟರದು ಎಂದು ಹೇಳಿಬಿಡುತ್ತಿದ್ದೆವು. ಹೆಂಗಸರಿಗೆ ಹಿಂದಿನ ಸೀಟು. ಅದೂ ಸೆರಗು ಬಿಗಿಹಿಡಿದು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು. ಅಂಥ ಊರಿನಲ್ಲಿ ನಮ್ಮವ್ವ ಬೇಸಿಗೆ ಪೂರ್ತಿ ಅಂಗಳದಲ್ಲಿ ಕೂತು ಒಂದು ಸತ್ತ ಫಟಫಟಿಗೆ ಜೀವ ಕೊಟ್ಟಳು. ಈ ಮಾತು ಹೇಳುವಾಗ ಈಗಲೂ ನನಗೆ ಸ್ವಲ್ಪ ಕೊಬ್ಬು ಬರುತ್ತದೆ. ಬರಲಿ ಬಿಡಿ.

ಅವ್ವ ಪ್ರಾಥಮಿಕ ಶಾಲೆಯ ಟೀಚರ್. ಆ ಏಪ್ರಿಲ್‌ನಲ್ಲಿ ಅವಳಿಗೆ ಹಿರೋಳ್ಳಿ ಹಾದಿಯಲ್ಲಿದ್ದ ಒಂದು ಸಣ್ಣ ಊರಿಗೆ ವರ್ಗವಾಯಿತು. ಶಾಲೆಯ ಘಂಟೆ ಹತ್ತಕ್ಕೆ, ಬಸ್ಸು ಆ ಊರು ಮುಟ್ಟುವುದು ಹನ್ನೊಂದೂವರೆಗೆ. ಅಪ್ಪ ಎಣ್ಣೆ ಗಿರಣಿಯಲ್ಲಿ ಮೇಸ್ತ್ರಿ, ಆಳಂದ ಬಿಟ್ಟು ಬರುವ ಹಾಗಿರಲಿಲ್ಲ. ವರ್ಗದ ಕಾಗದ ಓದಿ ಮಡಿಚಿಟ್ಟು ಅವನು ತನ್ನ ತೀರ್ಮಾನ ಹೇಳಿದ.

“ಜೂನಿನಾಗ ಶಾಲಿ ಚಾಲೂ ಆಗೋದ್ರೊಳಗ ಏನರೆ ವ್ಯವಸ್ಥಾ ಆದ್ರ ಚಲೋ. ಇಲ್ಲಂದ್ರ ರಾಜೀನಾಮಿ ಬರದು ಕೊಟ್ಟುಬಿಡು. ನನ್ನ ಪಗಾರದಾಗ ಮನಿ ನಡೀತದ.”

“ಮನಿ ನಡೀತದ್ರಿ, ನಾ ಇಲ್ಲ ಅನ್ನಂಗಿಲ್ಲ,” ಎಂದಳು ಅವ್ವ. “ಆದ್ರ ಶಾಲಿ ಬಿಟ್ಟು ನಾ ಏನ್ ಮಾಡ್ಲಿ ಹೇಳ್ರಿ?”

ಅಪ್ಪ ಅಂಗಿ ಹಾಕಿಕೊಂಡು ಗಿರಣಿಗೆ ಹೊರಟ. ಅವನೇನು ಕೆಟ್ಟವನಲ್ಲ, ಆ ಕಾಲದ ಗಂಡಸು ಅಷ್ಟೆ. ಅವ್ವ ಅವತ್ತು ರೊಟ್ಟಿ ಬಡಿದ ಸಪ್ಪಳ ಮೂರು ಮನೆ ದಾಟಿ ಕೇಳಿಸಿರಬೇಕು.

ಮುಂದಿನ ಭಾನುವಾರ ನನ್ನನ್ನು ಕರೆದುಕೊಂಡು ಅವಳು ಹಿರೋಳ್ಳಿಗೆ, ತನ್ನ ತಮ್ಮನ ಮನೆಗೆ ಹೋದಳು. ಮಾವ ಹಿಂದೊಮ್ಮೆ ಸೊಲ್ಲಾಪುರದಲ್ಲಿ ಯಾರಿಂದಲೋ ಒಂದು ಪುಟ್ಟ ಹಳೆಯ ಫಟಫಟಿ ತಂದು ಎರಡು ವರ್ಷ ಮೆರೆದಿದ್ದ. ಸೈಕಲ್ಲಿನಂತೆ ಪೆಡಲ್ ಇದ್ದ, ಹ್ಯಾಂಡಲ್ ನನ್ನ ಎದೆಯ ಮಟ್ಟಕ್ಕೆ ಬರುವ ಗಾಡಿ. ಈಗ ಅದು ಕಣಕಿಯ ಮನೆಯಲ್ಲಿ ಜೋಳದ ದಂಟಿನ ಸಿವುಡುಗಳ ಕೆಳಗೆ ಮಲಗಿತ್ತು. ಎಳೆದು ಹೊರಗೆ ತಂದಾಗ ಒಡೆದ ಹೆಡ್‌ಲೈಟಿನೊಳಗೆ ಗುಬ್ಬಿಯ ಖಾಲಿ ಗೂಡಿತ್ತು. ಟೈರುಗಳನ್ನು ಇಲಿಗಳು ತಿಂದಿದ್ದವು.

“ಅಕ್ಕಾ, ಒಯ್ಯೂದಾದ್ರ ಒಯ್ಯಿ. ಆದ್ರ ಅದು ಸತ್ತು ಎಂಟು ವರ್ಷ ಆತು,” ಎಂದ ಮಾವ.

“ನೀ ಮಣ್ಣು ಮಾಡಿಲ್ಲಲ್ಲ? ಹಂಗಾದ್ರ ನೋಡೂಣಂತ,” ಎಂದಳು ಅವ್ವ.

ಎತ್ತಿನ ಗಾಡಿಯ ಮೇಲೆ ಆಳಂದಕ್ಕೆ ಬಂದ ಅದನ್ನು ನೋಡಲು ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ರಿಪೇರಿ ಮಾಡುತ್ತಿದ್ದ ಮಸ್ತಾನ್ ಚಾಚಾ ಬಂದರು. ಸುತ್ತು ಹಾಕಿದರು. ಪೆಡಲ್ ತುಳಿಯಲು ನೋಡಿದರು, ಅದು ಅಲ್ಲಾಡಲಿಲ್ಲ.

“ಅಕ್ಕೋರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದನ್ನ ಗುಜರಿಗಿ ಹಾಕ್ರಿ. ಇದಕ್ಕ ಒಂದು ತಿಂಗಳು ಕೂಡಬೇಕಾಗ್ತದ. ನನಗ ಪುರಸೊತ್ತು ಎಲ್ಲದ?”

“ನನಗ ಅದ ಅಲ್ರಿ, ಸೂಟಿ ಅದ. ನೀವು ಹೇಳ್ಕೊಡ್ರಿ, ನಾ ಬಿಚ್ಚತೇನಿ.”

ಚಾಚಾ ನಕ್ಕರು. ಆದರೆ ಹೋಗುವಾಗ ನಟ್ಟು ಬಿಚ್ಚುವ ನಾಲ್ಕು ಪಾನಾ, ಒಂದು ಸ್ಕ್ರೂ ಡ್ರೈವರ್ ನಮ್ಮ ಕಟ್ಟೆಯ ಮೇಲೆ ಬಿಟ್ಟು ಹೋದರು.

ಆ ಬೇಸಿಗೆಯ ದಿನಚರಿ ನನಗೆ ಬಾಯಿಪಾಠ. ಬೆಳಿಗ್ಗೆ ಮನೆಗೆಲಸ ಮುಗಿಸಿ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದು, ಬೇವಿನ ಗಿಡದ ನೆರಳಿಗೆ ಹಳೆಯ ಕೌದಿ ಹಾಸುತ್ತಿದ್ದೆವು. ಹಿಟ್ಟು ನಾದುವ ಹಳೆಯ ಪರಾತದ ತುಂಬ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಅವ್ವ ಒಂದೊಂದೇ ಭಾಗ ಬಿಚ್ಚಿ ಕೊಡುವಳು, ನಾನು ತೊಳೆದು ಒರೆಸುವೆ. ಹೊಲಿಗೆ ಮಷೀನು ಬಿಚ್ಚಿ ಜೋಡಿಸಿದ ಕೈ ಅವಳದು, ಹೆದರಿಕೆ ಎಂಬುದೇ ಇರಲಿಲ್ಲ. ಆದರೆ ಟೀಚರ್ ನೋಡಿ, ಮಕ್ಕಳಿರಲಿ ನಟ್ಟುಗಳಿರಲಿ, ಲೆಕ್ಕ ತಪ್ಪಿದರೆ ನಿದ್ದೆ ಬರದು. ಪ್ರತಿ ಭಾಗಕ್ಕೂ ಒಂದು ನಂಬರ್ ಚೀಟಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಸಂಜೆ ಕೌದಿ ಮಡಿಚುವ ಮೊದಲು ಹಾಜರಿ ಕರೆಯುತ್ತಿದ್ದಳು.

“ನಂಬರ್ ಹನ್ನೆರಡು?”

“ಹಾಜರ್ ರೀ ಟೀಚರ್!” ಎಂದು ನಾನು ಬೋಲ್ಟು ಎತ್ತಿ ತೋರಿಸುವುದು.

ಒಂದು ಸಂಜೆ ಇಪ್ಪತ್ತೇಳು ಗೈರುಹಾಜರಾಯಿತು. ಕಡಲೆಕಾಳಿನಷ್ಟು ಸ್ಪ್ರಿಂಗು. ಅಂಗಳದ ಮಣ್ಣನ್ನೆಲ್ಲ ಜರಡಿ ಹಿಡಿದು ಜೋಳದಂತೆ ಸೋಸಿದೆವು. ಕಡೆಗೆ ಅದು ಸಿಕ್ಕಿದ್ದು ನನ್ನ ಲಂಗದ ಮಡಿಕೆಯಲ್ಲಿ. ಅವ್ವ ನನ್ನನ್ನು ಐದು ನಿಮಿಷ ಬೇವಿನ ಗಿಡಕ್ಕೆ ಮುಖ ಮಾಡಿ ನಿಲ್ಲಿಸಿದಳು.

ಇಂಜಿನ್ನಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ನಿಗೆ ಚಾಚಾ ಹೇಳಿದಂತೆ ದಿನಾ ಒಂದಿಷ್ಟು ಚಿಮಣಿ ಎಣ್ಣೆ ಹೊಯ್ದು ಕಾದೆವು. ಎಂಟನೆಯ ದಿನ ‘ಕಟ್’ ಎಂದು ಬಿಟ್ಟಿತು. ಪೆಟ್ರೋಲ್ ಹರಿಯುವ ಹಿತ್ತಾಳೆಯ ತೂತು ಮುಚ್ಚಿಹೋಗಿತ್ತು, ಅದರೊಳಗೆ ಸೂಜಿಯೂ ಹೋಗದು. ಅವ್ವ ಪಕ್ಕದ ಮನೆಯ ಎಮ್ಮೆಯ ಬಾಲದಿಂದ ಒಂದು ಕೂದಲು ಕಿತ್ತು ತಂದು ಪೋಣಿಸಿದಳು. ಆ ತೂತಿನಿಂದ ಬೆಳಕು ಕಂಡಾಗ ಇಬ್ಬರೂ ಕಿರುಚಿದೆವು. ಬಣ್ಣ ಕೊಳ್ಳಲಿಲ್ಲ, ಮಾವನ ಎತ್ತುಗಳ ಕೋಡಿಗೆ ಬಳಿದು ಉಳಿದದ್ದು ತಂದೆವು. ಕೆಂಪು ಮುಂದಕ್ಕೆ ಸಾಕಾಯಿತು, ಹಿಂದಕ್ಕೆ ನೀಲಿ.

ಅಪ್ಪ ಮೊದಲಿಗೆ ನಮಗೆ ಬೆನ್ನು ತಿರುಗಿಸಿ ಪೇಪರ್ ಓದುತ್ತಿದ್ದ. ಆಮೇಲೆ ಪೇಪರ್ ಕೆಳಗಿಳಿಯಿತು. ಆಮೇಲೆ ಒಂದು ದಿನ, “ಆ ವಾಷರ್ ಉಲ್ಟಾ ಹಾಕೀದಿ ನೋಡು,” ಎಂದ. ಅದು ನಿಜಕ್ಕೂ ಉಲ್ಟಾ ಇತ್ತು. ಅಲ್ಲಿಂದ ಅವನು ಗಿರಣಿಯಿಂದ ಬಂದವನೇ ಅಂಗಿ ಕಳಚಿ ಕೌದಿಯ ಮೇಲೆ ಕೂಡಲು ಶುರು ಮಾಡಿದ. ಒಮ್ಮೊಮ್ಮೆ ಹಾಜರಿಯನ್ನೂ ಅವನೇ ಕರೆಯುವನು.

ಮೇ ನಡುವಿನಲ್ಲಿ ಚಾಚಾ ಸೊಲ್ಲಾಪುರದಿಂದ ಟೈರು, ಟ್ಯೂಬು ತಂದರು. ಪೆಟ್ರೋಲಿಗೆ ಬೆರೆಸುವ ಇಂಜಿನ್ ಎಣ್ಣೆಯ ಡಬ್ಬಿ ಮರೆತು ಬಂದಿದ್ದರು. “ಶುಕ್ರವಾರ ಮತ್ತ ಹೋಗ್ತೇನ್ರಿ, ತರ್ತೇನಿ. ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ,” ಎಂದು ಹೇಳಿ ಹೋದರು. ಅವ್ವ ಕಾಯಲು ತಯಾರಿದ್ದಳು. ತಡೆಯಲಾರದೆ ಹೋದವನು, ನಂಬಿದರೆ ನಂಬಿ, ರಾಜೀನಾಮೆ ಬರೆಯಲು ಹೇಳಿದ್ದ ನಮ್ಮಪ್ಪ. ಭಾನುವಾರ ಬೆಳಿಗ್ಗೆ ಗಿರಣಿಯಿಂದ ಒಂದು ಸೀಸೆ ಕುಸುಬಿ ಎಣ್ಣೆ ಹಿಡಿದು ಬಂದ. ಬಂಗಾರದ ಬಣ್ಣ.

“ಚಾಚಾಗ ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ರಿ?” ಎಂದಳು ಅವ್ವ.

“ಎಣ್ಣಿ ವಿಷಯದಾಗ ನನಗ ಮಸ್ತಾನ ಏನ್ ಹೇಳ್ತಾನ? ಆ ಡಬ್ಬಿಯೊಳಗ ಏನೇನು ಕೂಡಿಸಿರ್ತಾರೋ ಏನೋ. ಇದು ನನ್ನ ಕೈಯಾರ ಎರಡು ಸಲ ಸೋಸಿದ್ದು!”

ಅದನ್ನೇ ಪೆಟ್ರೋಲಿಗೆ ಬೆರೆಸಿ ಗಾಡಿಗೆ ಹೊಯ್ದ. ಅವ್ವ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀರೆಯ ನಿರಿಗೆ ಸೊಂಟಕ್ಕೆ ಸಿಕ್ಕಿಸಿ ಪೆಡಲ್ ತುಳಿದಳು. ತುಳಿದಳು, ತುಳಿದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಒಂದು ‘ಫಟ್’. ಇನ್ನೊಂದು. ಆಮೇಲೆ ಫಟಫಟಫಟ ಎಂದು ಇಡೀ ಅಂಗಳ ನಡುಗಿತು! ಅಪ್ಪ ನನ್ನನ್ನು ಎತ್ತಿ ತಿರುಗಿಸಿದ. ಹಿಂದಿನಿಂದ ಬೆಳ್ಳಗೆ ಹೊಗೆ ಬಂತು, ಹೊಗೆಯ ಜೊತೆಗೇ ಒಂದು ವಾಸನೆ. ಐದೇ ನಿಮಿಷಕ್ಕೆ ಪಕ್ಕದ ಮನೆಯ ಗೌರಮ್ಮ ಕಾಕು ಗೋಡೆಯ ಮೇಲಿಂದ ಇಣುಕಿದಳು.

“ಯಾರ ಮನಿಯಾಗ ಬೇ ಇಷ್ಟು ಹೊತ್ತಿಗೇ ಮಿರ್ಚಿ ಭಜಿ ಕರಿಯಾಕತ್ತಾರ?”

ಓಣಿಯ ಮಕ್ಕಳೆಲ್ಲ ಬಂದು ನಿಂತರು. ಒಬ್ಬಳಂತೂ ತಾಟು ಹಿಡಿದೇ ಬಂದಿದ್ದಳು. ಫಟಫಟಿ ನೋಡಿ ಬಾಯಿ ತೆರೆದರೋ ಭಜಿಯ ಆಸೆಗೋ ಗೊತ್ತಿಲ್ಲ. ಅವ್ವ ನಗುನಗುತ್ತ ಒಳಗೆ ಹೋಗಿ ಅವರಿಗೆಲ್ಲ ನಿಜವಾದ ಭಜಿ ಕರಿದು ಕೊಟ್ಟಳು.

ಶುಕ್ರವಾರ ಚಾಚಾ ಡಬ್ಬಿ ತಂದರು. “ನಮ್ಮ ಕೆಲಸ ನಡದದ,” ಎಂದು ಅಪ್ಪ ಅದನ್ನು ಬಿಗುಮಾನದಿಂದ ಗೋಡೆಯ ಗೂಡಿನಲ್ಲಿ ಎತ್ತಿಟ್ಟ. ಎಂಟು ಹತ್ತು ದಿನ ಅವ್ವ ಊರ ಹೊರಗಿನ ಕಣದಲ್ಲಿ ಸುತ್ತು ಹೊಡೆದು ಕಲಿತಳು. ಹುಡುಗಿಯಾಗಿದ್ದಾಗ ತಮ್ಮನ ಸೈಕಲ್ ಕದ್ದು ಹೊಡೆದಿದ್ದು ಈಗ ಉಪಯೋಗಕ್ಕೆ ಬಂತು. ನಾವು ಬಂದ ಹಾದಿಗೆಲ್ಲ ಭಜಿಯ ವಾಸನೆ. ಶಾಲೆ ಶುರುವಾಗಲು ನಾಲ್ಕು ದಿನ ಇದೆ ಎನ್ನುವಾಗ ಕಣದ ನಡುವೆ ಗಾಡಿ ನಿಂತಿತು. ಪೆಡಲ್ ತುಳಿದರೆ ಬಂಡೆ ತುಳಿದ ಹಾಗೆ. ಅವ್ವ ಅದನ್ನು ಮನೆಯ ತನಕ ತಳ್ಳಿಕೊಂಡೇ ಬಂದಳು. ಹಿಂದಿನಿಂದ ದಬ್ಬುತ್ತ ನನಗೆ ಅಳು ಬಂತು.

ಚಾಚಾ ಬಂದು ಇಂಜಿನ್ನಿನ ತಲೆ ಬಿಚ್ಚಿದರು. ಒಳಗೆಲ್ಲ ಜೇನಿನ ಬಣ್ಣದ ಗಟ್ಟಿ ಅಂಟು, ಉಂಡಿಗೆ ಹಿಡಿದ ಪಾಕ ಹೆಚ್ಚಾದ ಹಾಗೆ. ಬೆರಳಿಂದ ಮುಟ್ಟಿ, ಮೂಸಿ, ಅಪ್ಪನ ಮುಖ ನೋಡಿದರು.

“ಮೇಸ್ತ್ರಿ ಸಾಹೇಬ್ರ, ಇದು ಇಂಜಿನ್ ಅದ ರೀ, ಕಡಾಯಿ ಅಲ್ಲ. ಕುಸುಬಿ ಎಣ್ಣಿ ಕಾದು ಕಾದು ವಾರ್ನಿಷ್ ಆಗ್ಯದ.”

ಅಪ್ಪ ತಲೆ ತಗ್ಗಿಸಿದ. ನಾನು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. “ತಪ್ಪು ನಂದು,” ಎಂದ ಅವ್ವನಿಗೆ, ಚಾಚಾನ ಎದುರಿಗೇ. ಮರುದಿನ ಗಿರಣಿಗೆ ರಜೆ ಹಾಕಿ, ಬಿದಿರಿನ ಚಕ್ಕೆ ಕೆತ್ತಿಕೊಂಡು, ಅವ್ವ ಏಳುವ ಮೊದಲೇ ಕೌದಿ ಹಾಸಿ ಕೂತಿದ್ದ. ಚಾಕು ಹಾಕಿದರೆ ಗೀರು ಬೀಳುತ್ತದೆಂದು ಚಾಚಾ ಹೇಳಿದ್ದರು. ಎರಡು ದಿನ ಮೂವರೂ ಆ ಅಂಟನ್ನು ಕೆರೆದೆವು.

ಕೊನೆಗೆ ಉಳಿದದ್ದು ಪಿಸ್ಟನ್ನಿನ ಸುತ್ತ ಕಚ್ಚಿಕೊಂಡ ಎರಡು ಉಂಗುರಗಳು. ತೆಳುವಾದ ಬೀಡು ಕಬ್ಬಿಣ, ಹಿಗ್ಗಿಸಿದರೆ ಪಟಕ್ಕನೆ ಮುರಿಯುವಂಥವು. ಮುರಿದರೆ ಮತ್ತೆ ಸೊಲ್ಲಾಪುರ, ಅಷ್ಟರಲ್ಲಿ ಶಾಲೆ ಶುರು. ಅಪ್ಪನ ಬೆರಳು ದಪ್ಪ. ಅವ್ವನ ಉಗುರು ಎರಡು ದಿನ ಕೆರೆದು ಕೆರೆದು ಸವೆದಿದ್ದವು. ಅವಳು ಪಿಸ್ಟನ್ ನನ್ನ ತೊಡೆಯ ಮೇಲಿಟ್ಟಳು.

“ಸುವ್ವಿ, ನೀ ತೆಗಿ. ಬಳಿಗಾರ್ತಿ ಬಳಿ ಹ್ಯಾಂಗ ತೆಗೀತಾಳ ನೋಡೀದಿಲ್ಲ? ಹಂಗ. ಸೋಪು ಹಚ್ಚು, ಅವಸರ ಮಾಡಬ್ಯಾಡ.”

ನನಗೆ ಆಗ ಹನ್ನೊಂದು ವರ್ಷ. ಸೋಪಿನ ನೀರು ಹಚ್ಚಿ, ಉಗುರಿನಿಂದ ಒಂದು ತುದಿ ಎಬ್ಬಿಸಿ, ಉಸಿರು ಹಿಡಿದು, ಸುತ್ತಲೂ ಅಷ್ಟಷ್ಟೇ ಸಡಿಲಿಸುತ್ತ ಹೋದೆ. ಮೊದಲನೆಯದು ಬಂತು. ಎರಡನೆಯದು ಅರ್ಧಕ್ಕೆ ‘ಕಿರ್’ ಎಂದಿತು, ಅಪ್ಪ ಕಣ್ಣು ಮುಚ್ಚಿಕೊಂಡ. ಅದೂ ಬಂತು. ಎರಡೂ ಇಡಿಯಾಗಿ ನನ್ನ ಅಂಗೈಯಲ್ಲಿದ್ದವು. ಆಮೇಲೆ ಬದುಕಿನಲ್ಲಿ ನನಗೂ ಸಣ್ಣಪುಟ್ಟ ಮಾನಸನ್ಮಾನಗಳು ಬಂದಿವೆ, ಆ ಕ್ಷಣದಷ್ಟು ದೊಡ್ಡವಳು ನಾನು ಮತ್ತೆಂದೂ ಆಗಲಿಲ್ಲ.

ಶಾಲೆ ಶುರುವಾದ ದಿನ ಡಬ್ಬಿಯ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಅಪ್ಪನೇ ಗಾಡಿ ಒರೆಸಿ ನಿಲ್ಲಿಸಿದ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಹೆಸರನ್ನೂ ಅದೇ ಶಾಲೆಗೆ ಹಚ್ಚಿದ್ದರಿಂದ ನಾನು ಹಿಂದಿನ ಕ್ಯಾರಿಯರ್ ಮೇಲೆ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದ ಗಂಡಸರೆಲ್ಲ ಕಪ್ಪು ಹಿಡಿದ ಕೈ ಹಾಗೇ ನಿಲ್ಲಿಸಿ ನೋಡಿದರು. ಮಸ್ತಾನ್ ಚಾಚಾ ಮಾತ್ರ ಅಂಗಡಿಯಿಂದ ಹೊರಗೆ ಬಂದು ಸಲಾಮು ಹೊಡೆದರು. ಊರು ಹತ್ತಿರವಾದಾಗ ಒಂದು ಏರು. ಗಾಡಿ ಏದುಸಿರು ಬಿಟ್ಟಿತು. ಅವ್ವ ಪೆಡಲ್ ತುಳಿದು ಅದಕ್ಕೆ ಕೈಜೋಡಿಸಿದಳು, ನಾನು ಇಳಿದು ದಬ್ಬಿದೆ. ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದವನು ಎತ್ತು ನಿಲ್ಲಿಸಿ ಕೂಗಿದ:

“ಏ, ಹೊಸಾ ಅಕ್ಕೋರು ಫಟಫಟಿ ಮ್ಯಾಲ ಬಂದ್ರಲೇ! ಹೊಡೀರಿ ಅಕ್ಕೋರ, ಹೊಡೀರಿ!”

ಏರು ಹತ್ತಿದೆವು. ಶಾಲೆಯ ಅಂಗಳದಲ್ಲಿ ಮಕ್ಕಳು ಇನ್ನೂ ಸಾಲು ಮಾಡುತ್ತಿದ್ದರು. ಘಂಟೆ ಹೊಡೆದಿರಲಿಲ್ಲ. ಹೆಡ್‌ಮಾಸ್ತರರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಯಾರು ರಿಪೇರಿ ಮಾಡಿದ್ರಿ ಇದನ್ನ?” ಎಂದರು. “ನಾವೇ ರೀ, ಮನಿ ಮಂದಿ,” ಎಂದು ಅವ್ವ ಹಾಜರಿ ಪುಸ್ತಕ ಕೇಳಿ ಇಸಿದುಕೊಂಡು ಸಹಿ ಮಾಡಿದಳು. ಬೆರಳ ಸಂದಿಯಲ್ಲಿ ಇನ್ನೂ ಕರಿ ಉಳಿದಿತ್ತು.

ಸಂಜೆ ಅಪ್ಪ ಓಣಿಯ ತುದಿಯಲ್ಲೇ ಕಾಯುತ್ತಿದ್ದ. ರಾಜೀನಾಮೆಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅವ್ವ ಒಂಬತ್ತು ವರ್ಷ ಅದೇ ಗಾಡಿಯ ಮೇಲೆ ಅದೇ ಶಾಲೆಗೆ ಹೋದಳು. ಆಳಂದಕ್ಕೆ ಮತ್ತೆ ವರ್ಗ ಕೊಡುತ್ತೇವೆ ಎಂದಾಗಲೂ ಒಲ್ಲೆ ಎಂದಳು. ದವಾಖಾನೆಯ ನರ್ಸಬಾಯಿ ಅವಳ ಹತ್ತಿರವೇ ಗಾಡಿ ಹೊಡೆಯಲು ಕಲಿತಳು.

ಈಗ ಆ ಹಾದಿಗೆ ನುಣುಪಾದ ಡಾಂಬರಿದೆ, ಏರನ್ನೂ ಕಡಿದು ಸಮ ಮಾಡಿದ್ದಾರೆ. ಅಪ್ಪ ಇಲ್ಲ, ಚಾಚಾನೂ ಇಲ್ಲ. ಅವ್ವ ನನ್ನ ಜೊತೆ ಕಲಬುರಗಿಯಲ್ಲಿದ್ದಾಳೆ, ವಯಸ್ಸಾಗಿದೆ. ಹೋದ ವರ್ಷ ನನ್ನ ಹೊಸ ಸ್ಕೂಟರ್ ಬಾಗಿಲ ಮುಂದೆಯೇ ನಿಂತುಹೋಯಿತು. ನಾನು ಕಂಪನಿಗೆ ಫೋನು ಮಾಡಿ ಕೂತೆ. ಅವ್ವ ಕುರ್ಚಿ ಎಳೆದುಕೊಂಡು ಬಂದು ಗಾಡಿಯ ಪಕ್ಕ ಕೂತು, ಅದರ ಮೈಯನ್ನು ಬೆರಳಿಂದ ತಡವುತ್ತ ಎಲ್ಲಾದರೂ ಒಂದು ನಟ್ಟು ಇದೆಯೇ ಎಂದು ಹುಡುಕಿದಳು.

“ಬಿಚ್ಚಿ ನೋಡೀದೇನಬೇ?”

“ಬಿಚ್ಚಬಾರದವ್ವಾ. ನಾವು ಬಿಚ್ಚಿದ್ರ ಗ್ಯಾರಂಟಿ ಹೋಗ್ತದ.”

ಅವ್ವ ನನ್ನ ಮುಖವನ್ನೊಮ್ಮೆ, ನನ್ನ ಕೈಗಳನ್ನೊಮ್ಮೆ ನೋಡಿದಳು. ಬೈಯಲಿಲ್ಲ, ನಗಲೂ ಇಲ್ಲ. ನಿಜಕ್ಕೂ ತಿಳಿಯದೆ ಕೇಳಿದಳು:

“ನೀ ಬಿಚ್ಚಂಗಿಲ್ಲ ಅಂದ ಮ್ಯಾಲ ಅದು ನಿಂದು ಹ್ಯಾಂಗ ಆತು?”

ಕಂಪನಿಯವನು ಬರುವ ತನಕ ನಾನು ನನ್ನ ಅಂಗೈ ನೋಡುತ್ತ ಕೂತಿದ್ದೆ. ಅವನು ಬಂದು ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದ.