ಎದೆಗೆ ಒಳ್ಳೆಯ ಎಣ್ಣೆ

ಇವತ್ತು ಊಟಕ್ಕೆ ಕೂತಾಗ ಮಗಳು ನನ್ನ ಚಟ್ನಿಯ ಮೇಲೆ ಆಲಿವ್ ಎಣ್ಣೆಯ ಬಾಟಲಿ ಬಗ್ಗಿಸಿ, "ಹಾಕ್ಕೋ ಅಪ್ಪಾ, ಹಾರ್ಟಿಗೆ ಚಲೋ" ಅಂದಳು. ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ನಾನು ಹುಡುಗನಿದ್ದಾಗ ಖಾನಾಪುರದ ಮನೆಯಲ್ಲಿ ಈ ಮಾತು ಹೇಳುತ್ತಿದ್ದವಳು ಅಪ್ಪನ ತಾಯಿ, ನಮ್ಮ ಆಯಿ. ಅಪ್ಪನಿಗೆ ಎದೆನೋವು ಬಂದಾಗ ಬೆಳಗಾವಿಯ ಡಾಕ್ಟರು ವನಸ್ಪತಿ ತುಪ್ಪ ಬಿಡಿಸಿ, ಆಗ ಟಿವಿ ತುಂಬ ಜಾಹೀರಾತು ಬರುತ್ತಿದ್ದ ಸೂರ್ಯಕಾಂತಿ ಎಣ್ಣೆ ಬಳಸಲು ಹೇಳಿದ್ದರು. ಆಯಿ ಅದನ್ನು ಅಡುಗೆಮನೆಯಲ್ಲಿ ಇಡಲೇ ಇಲ್ಲ, ಅಪ್ಪನ ಗುಳಿಗೆಗಳ ಜೊತೆ ಗೋಡೆಯ ದೇವರ ಮಾಡದಲ್ಲಿಟ್ಟಳು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, ನಡುವೆ ಬೆರಳಿನಿಂದ ಕುಣಿ ಮಾಡಿ, ತುಂಬಿ ಹರಿಯುವಷ್ಟು ಹಸಿ ಎಣ್ಣೆ ಸುರಿಯುತ್ತಿದ್ದಳು. ಅಪ್ಪ ಬೇಡವೆಂದರೆ, "ಔಷಧಕ್ಕ ಒಲ್ಲೆ ಅನಬಾರ್ದಪಾ" ಎಂದು ಇನ್ನಷ್ಟು ಸುರಿಯುತ್ತಿದ್ದಳು.

ಕೆಲವು ತಿಂಗಳ ಮೇಲೆ ಆಯಿ ಅಪ್ಪನನ್ನು ಮರಳಿ ಡಾಕ್ಟರಿಗೆ ತೋರಿಸಲು ಕರೆದೊಯ್ದಾಗ ನಾನೂ ಜೊತೆಗಿದ್ದೆ. ಅಪ್ಪನ ತೂಕ, ರಕ್ತದ ಕೊಬ್ಬು, ಸಕ್ಕರೆ ಎಲ್ಲ ಏರಿದ್ದವು.

"ಎಣ್ಣಿ ಬದಲ್ ಮಾಡಿಲ್ಲೇನ್ರೀ?" ಡಾಕ್ಟರು ಕೇಳಿದರು.

"ಮಾಡೀನ್ರೀ! ಎರಡೂ ಹೊತ್ತು ತಪ್ಪದ ಚಟ್ನಿ ತುಂಬ ಸುರೀತೀನಿ," ಆಯಿ ಹೆಮ್ಮೆಯಿಂದ ಹೇಳಿದಳು.

ಡಾಕ್ಟರು ಗಾಬರಿಯಿಂದ ತಲೆಯೆತ್ತಿದರು. "ಆಯಿ, ಅದು ಔಷಧ ಅಲ್ರೀ! ಯಾವ ಎಣ್ಣಿ ಆದ್ರೂ ಹೆಚ್ಚಾದ್ರ ಮೈಯಾಗ ಕೊಬ್ಬ ಆಗತೈತಿ. ಅಡಗಿಗೆ ಒಂಚೂರ ಹಾಕ್ರಿ ಅಂದಿದ್ದೆ."

ಆಯಿಯ ಮುಖ ಬಿಳಿಚಿತು. ಅಪ್ಪನ ತೋಳು ಗಟ್ಟಿಯಾಗಿ ಹಿಡಿದು, "ಹಂಗಾರ ಇಷ್ಟ ದಿನ ನಾ ನನ್ನ ಮಗಗ ಏನ ಉಣಿಸಾಕತ್ತಿದ್ದೆ?" ಎಂದಳು.

"ಯಾಕಪ್ಪಾ, ಸಾಲದೇನು?" ನಾನು ಬಾಟಲಿಯನ್ನೇ ನೋಡುತ್ತಿದ್ದುದನ್ನು ಕಂಡು ಮಗಳು ಕೇಳಿದಳು. ಬಾಟಲಿ ಇನ್ನೂ ಬಗ್ಗಿಯೇ ಇತ್ತು. ಎಣ್ಣೆ ಆಗಲೇ ರೊಟ್ಟಿಯ ಅಂಚು ದಾಟಿತ್ತು.