ಎರಡು ಮೆಗಾಹರ್ಟ್ಸ್ ಸೊಕ್ಕು

ಯಾರ ರೇಡಿಯೊ ಎದುರಿಗಿಟ್ಟರೂ ಚನ್ನಬಸಪ್ಪನವರು ಮೊದಲು ಮೂಗು ಮುರಿಯುತ್ತಿದ್ದರು, ಆಮೇಲೆ ನೋಡುತ್ತಿದ್ದರು. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಅದರ ಹಿಂದಿನ ಕೋಣೆಯಲ್ಲಿ ಹ್ಯಾಮ್ ರೇಡಿಯೊ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಬರೀ ಹವ್ಯಾಸಕ್ಕೆಂದು ಗಾಳಿಯಲ್ಲಿ ಹರಟುವ ಜಾತಿ ನಮ್ಮದು. ಹಳೇಬೀಡಿನಲ್ಲಿ ಮೇಷ್ಟ್ರಾಗಿದ್ದ ನನಗೂ, ಬೇಲೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ಸತೀಶನಿಗೂ ಕೀಲಿ ಕುಟ್ಟಿ ಸಂದೇಶ ಕಳಿಸುವ ಮೋರ್ಸ್ ಕೋಡ್ ಕಲಿಸಿದವರು ಅವರೇ. ಕಲಿಸುವಾಗ ಬೈದ ಬೈಗುಳವನ್ನು ಹೆಂಡತಿಯ ಮುಂದೆ ಇವತ್ತಿಗೂ ಹೇಳಲಾರೆ. “ಏನ್ರೀ ಮೇಷ್ಟ್ರೇ, ಅದು ಕೈಯೋ ಒನಕೆಯೋ?” ಎಂಬುದೇ ಅವುಗಳಲ್ಲಿ ಮೃದುವಾದದ್ದು.

ದಿನಾ ಬೆಳಿಗ್ಗೆ ರೇಡಿಯೊದಲ್ಲಿ ಹಾಜರಿ ಕೂಗುವುದು ಅವರ ಹಕ್ಕು. ಹೆಸರು ಬಂದಾಗ ನಾವು ಸಿಗ್ನಲ್ ಹೇಗಿದೆ, ಮೋಡ ಇದೆಯೇ, ತಿಂಡಿ ಏನು ಎಂದು ಒಪ್ಪಿಸಬೇಕು. ಉಪ್ಪಿಟ್ಟು ಎಂದವರ ಕಥೆ ಮುಗಿಯಿತು. “ಉಪ್ಪಿಟ್ಟು ತಿಂದೋನ ದನಿ ಅರಸೀಕೆರೆ ಗಂಟ ಹೆಂಗ್ಲಾ ಬಂದಾತು?” ಸತೀಶ ನಗುತ್ತಿದ್ದ. ಬೈಸಿಕೊಳ್ಳದಿದ್ದರೆ ನಮಗೂ ಬೆಳಗಾದಂತೆ ಅನ್ನಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಯಾರೋ ತಂದ ಜಪಾನಿ ಕಂಪನಿಯ ಕ್ಯಾಟಲಾಗು ಅವರ ತಲೆ ಕೆಡಿಸಿತು. ಒಂದೇ ರೇಡಿಯೊ, ಎರಡು ಮಾಡೆಲ್. ನಮ್ಮಂಥವರಿಗೆ ಮಾರುವುದು 144ರಿಂದ 146 ಮೆಗಾಹರ್ಟ್ಸ್‌ವರೆಗೆ ಮಾತ್ರ ಮಾತಾಡುತ್ತದೆ. ಇನ್ನೊಂದು 148ರವರೆಗೆ ಹೋಗುತ್ತದೆ, ಆದರೆ ಅದು ಅಮೆರಿಕದ ಮಾರುಕಟ್ಟೆಗಷ್ಟೇ.

“ಅದೇ ಡಬ್ಬ, ಅದೇ ಕರುಳು! ಒಂದು ಡಯೋಡ್ ಇಟ್ಟು ನಮಗೆ ಬೀಗ ಜಡಿದವ್ರೆ ಕಣ್ರೀ. ನಾವೇನು ಎರಡನೇ ಪಂಕ್ತಿಯೋರಾ?”

“ಅಲ್ಲಿಯ ಕಾನೂನು ಹವ್ಯಾಸಿಗಳಿಗೆ 148ರವರೆಗೆ ಬಿಟ್ಟಿದೆ ಸಾರ್, ನಮ್ಮ ಸರ್ಕಾರ 146ಕ್ಕೆ ನಿಲ್ಲಿಸಿದೆ. ಅದರಾಚೆ ಬೇರೆಯವರ ಜಾಗ. ಕಂಪನಿಯವರು ಆಯಾ ದೇಶದ ಕಾನೂನು ನೋಡಿ ಬೀಗ ಹಾಕ್ತಾರೆ. ಇದರಲ್ಲಿ ಅವಮಾನ ಏನು ಬಂತು?” ಎಂದೆ.

“ಪಾಠ ಇಸ್ಕೂಲಲ್ಲಿ ಮಾಡಿ,” ಎಂದರು.

ಅರೇಹಳ್ಳಿಯ ಕಾಫಿ ಪ್ಲಾಂಟರೊಬ್ಬರ ಷೋಕೇಸಿನಲ್ಲಿ ಆ ಅಮೆರಿಕದ ಮಾಡೆಲ್ ಗೊಂಬೆಗಳ ಪಕ್ಕ ಕೂತಿದೆ ಎಂದು ಹೇಗೋ ಪತ್ತೆ ಹಚ್ಚಿದರು. ಕಾಡಿ ಬೇಡಿ ತಂದು, ಕುಂಕುಮ ಹಚ್ಚಿ, ಮರುದಿನವೇ ಘೋಷಿಸಿದರು: ಇನ್ನು ಮೇಲೆ ಹಾಜರಿ 147ರಲ್ಲಿ. ಬರಬೇಕಾದವರು ತಮ್ಮ ಸೆಟ್ಟಿನ ಡಯೋಡ್ ಕಿತ್ತು ಬನ್ನಿ!

ನಮ್ಮ ಸೆಟ್ಟುಗಳಿಗೆ 147ರ ಮಾತು ಕೇಳಿಸುತ್ತಿತ್ತು, ಅಲ್ಲಿ ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಗುಂಡಿ ಒತ್ತಿದರೆ ಟುಯ್ ಎಂದು ಸುಮ್ಮನಾಗುತ್ತಿದ್ದವು. ಡಯೋಡ್ ಕೀಳುವುದು ಇಕ್ಕಳ ಹಿಡಿದವರಿಗೆ ಚಿಟಿಕೆ ಕೆಲಸ. ಆದರೆ ಸಿಕ್ಕಿಬಿದ್ದರೆ ಲೈಸೆನ್ಸ್ ಹೋಯಿತು. ಆಗಲ್ಲ ಎಂದೆವು. “ಹೇಡಿಗಳು!” ಎಂದು ಉಗಿದು ಅವರೊಬ್ಬರೇ ಮೇಲಿನ 147ಕ್ಕೆ ಹೋದರು.

ಥೂ, ಎಂಥ ಸೊಕ್ಕು ಅಂತೀರಿ! ಒಂದು ನರಪಿಳ್ಳೆಯೂ ಉತ್ತರ ಕೊಡಲಾಗದ ಕಡೆ ಕೂತು ದಿನಾ ಹಾಜರಿ. ನನ್ನನ್ನು ಕರೆಯುವರು, ಕಾಯುವರು, “ಮೇಷ್ಟ್ರು ಗೈರುಹಾಜರಿ, ಹೇಡಿ” ಎನ್ನುವರು. ನಾನು ಹಳೇಬೀಡಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಹಲ್ಲು ಕಡಿಯುತ್ತಿದ್ದೆ. ಕೆಳಗೆ, ಮೊದಲಿಂದ ಹಾಜರಿ ನಡೆಯುತ್ತಿದ್ದ 145ರಲ್ಲಿ, ನಾನೂ ಸತೀಶನೂ ಇಬ್ಬರೇ ಮಾತಾಡಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು.

ತಡೆಯಲಾರದೆ ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. “ಲೈಸೆನ್ಸ್ ಕಿತ್ಕೋತಾರೆ ಸಾರ್. ಕೆಳಕ್ಕೆ ಬನ್ನಿ. ನೀವಿಲ್ಲದೆ ನಮಗೆ ಬೇಜಾರು.”

“ನೀವು ಮೇಲಕ್ಕೆ ಬನ್ನಿ.”

ಅವರ ಹೆಂಡತಿ ಗೌರಮ್ಮನವರು ಕಾಫಿ ಕೊಡುತ್ತಾ, “ಇವರು ಸ್ವರ್ಗಕ್ಕೆ ಹೋದ್ರೂ ಅಲ್ಲಿ ಕುರ್ಚಿ ಸರಿಯಿಲ್ಲ ಅಂತಾರೆ. ನೀವು ಕುಡೀರಿ ಮೇಷ್ಟ್ರೇ,” ಎಂದರು.

ಆ ಚಳಿಗಾಲದ ಒಂದು ಬೆಳಿಗ್ಗೆ ಅವರ ದನಿ ಕುಗ್ಗಿತ್ತು. ನಡುನಡುವೆ ಕೆಮ್ಮು. ನನ್ನನ್ನು ಕರೆದರು, ಕಾದರು. ಹೇಡಿ ಎನ್ನಲಿಲ್ಲ.

“ಮೇಷ್ಟ್ರೇ, ಕೇಳ್ತಾ ಇದ್ದೀರಿ ಅಂತ ಗೊತ್ತು. ಇಲ್ಲಿ ಏನೂ ಇಲ್ಲ ಕಣ್ರೀ, ಬರೀ ಗೊಯ್ ಅಂತೈತೆ. ನಾಳೆ ಕೆಳಕ್ಕೆ ಬತ್ತೀನಿ.”

“ಬನ್ನಿ ಸಾರ್!” ಎಂದು ಗುಂಡಿ ಒತ್ತಿ ಕೂಗಿದೆ. ಸೆಟ್ಟು ಟುಯ್ ಎಂದಿತು. ಫೋನು ಮಾಡಬಹುದಿತ್ತು. ಮುದುಕ ತಾನಾಗಿಯೇ ಇಳಿದು ಬರಲಿ, ನಾಳೆ ಗಾಳಿಯಲ್ಲೇ ಚೆನ್ನಾಗಿ ಆಡಿಕೊಳ್ಳೋಣ ಎಂದು ಖುಷಿಯಲ್ಲಿ ಸುಮ್ಮನಾದೆ.

ಮರುದಿನ ನಾನೂ ಸತೀಶನೂ ಹೊತ್ತಿಗೆ ಮುಂಚೆಯೇ ಹಳೆಯ ಜಾಗದಲ್ಲಿ ಕಾದು ಕೂತೆವು. ಹಾಜರಿ ಶುರುವಾಗಲಿಲ್ಲ. ಬಂದದ್ದು ಮಂಡಿಯ ಗುಮಾಸ್ತನ ಫೋನು: “ಯಜಮಾನ್ರು ರಾತ್ರಿ ಹೋಗ್ಬಿಟ್ರು ಮೇಷ್ಟ್ರೇ.”

ನಾವು ಹೋದಾಗ ಹಿಂದಿನ ಕೋಣೆಯಲ್ಲಿ ರೇಡಿಯೊದ ದೀಪ ಇನ್ನೂ ಉರಿಯುತ್ತಿತ್ತು. ಅದು ತೋರಿಸುತ್ತಿದ್ದದ್ದು ನಮ್ಮ ಹಳೆಯ 145ರ ಜಾಗ.

“ಬೆಳಿಗ್ಗೆ ಮರೀಬಾರ್ದು ಅಂತ ಮಲಗೋಕೆ ಮುಂಚೆ ಅವರೇ ತಿರುಗ್ಸಿಟ್ರು,” ಎಂದರು ಗೌರಮ್ಮನವರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರ ಮುಂದೆ, ಹೆಣದ ಎದುರೇ, ಅಳುತ್ತಾ ಬೈದೆ: “ಒಂದು ದಿನ ಮುಂಚೆ ತಿರುಗಿಸೋಕೆ ಏನಾಗಿತ್ರೀ ನಿಮಗೆ?”