ನಿಂಬೆಹಣ್ಣಿನ ಮುಂದಿನ ಕಲ್ಲು

ಗಲ್ಫಿನ ಬನಿಯಾಸ್ ಊರಿನ ಆಚೆಯ ತೋಟದಲ್ಲಿ ಚಳಿಗಾಲದ ಟೊಮೆಟೊ ಮುಗಿದು ಮತ್ತೆ ನೆಲ ಉಳುವ ಹೊತ್ತಾದಾಗ, ತಿಂಗಳುಗಟ್ಟಲೆ ನಿಂತಿದ್ದ ಹಳೇ ಟ್ರ್ಯಾಕ್ಟರನ್ನು ಎಬ್ಬಿಸುವ ಕೆಲಸ ಪ್ರತಿವರ್ಷ ನನ್ನ ತಲೆಗೇ ಬರುತ್ತದೆ. ಈ ಸಲ ಬ್ಯಾಟರಿ ಜೋಡಿಸಿ, ಆಯಿಲ್ ನೋಡಿ, ಡೀಸೆಲ್ ಫಿಲ್ಟರಿನ ನೀರು ಬಿಡುವಷ್ಟರಲ್ಲೇ ನನ್ನ ಸೊಂಟ ಹಿಡಿದಿತ್ತು.

ಎದ್ದು ನೋಡಿದರೆ, ಕಾರ್ಕಳ ಕಡೆಯ ನಮ್ಮ ಡ್ರೈವರ್ ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ತೆಗೆದು, ಅಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟಿದ್ದ.

“ಕಲ್ಲು ಯಾಕೆ ತೆಗೆದದ್ದು ಮಾರಾಯ?”

“ಹಣ್ಣಿನ ಮೇಲೆ ಚಕ್ರ ಹೋಗ್ಬೇಕಲ್ಲ ಅಣ್ಣ. ಗೇರ್ ನ್ಯೂಟ್ರಲಲ್ಲೇ ಉಂಟು, ಎಂತ ಆಗುದಿಲ್ಲ.”

ಬೈಯುತ್ತಲೇ ಹಣ್ಣಿನ ಮುಂದೆ ಕಲ್ಲನ್ನು ಮತ್ತೆ ಕೂರಿಸಿ, ಬದಿಗೆ ಸರಿದು ನಿಂತೆ. ಅವನು ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಗೇರಿನಲ್ಲೇ ಇದ್ದ ಟ್ರ್ಯಾಕ್ಟರ್ ಮುಂದಕ್ಕೆ ಹಾರಿ, ಹಣ್ಣನ್ನು ಜಜ್ಜಿ, ಕಲ್ಲಿಗೆ ಗುದ್ದಿ ಬಂದ್ ಆಯಿತು. ಅದರ ಎದುರಿಗೇ, ನೀರಿನ ಟ್ಯಾಂಕಿನ ನೆರಳಲ್ಲಿ, ಇಬ್ಬರು ಕೆಲಸದವರು ಚಹಾ ಕುಡಿಯುತ್ತಾ ಕೂತಿದ್ದರು.

“ನೋಡಿದ್ರಾ ಅಣ್ಣ, ನಿಂಬೆಹಣ್ಣು ಕಾಪಾಡಿತು,” ಎಂದ ಡ್ರೈವರ್.

ವಾದ ಮಾಡುವ ತ್ರಾಣ ನನಗಿರಲಿಲ್ಲ. “ಹೌದು,” ಎಂದೆ. “ಬರುವ ವರ್ಷ ಕಲ್ಲಿಗೂ ಸ್ವಲ್ಪ ಕುಂಕುಮ ಹಚ್ಚು. ಆಗ ಅದನ್ನು ತೆಗೀಲಿಕ್ಕೆ ನಿಂಗೆ ಧೈರ್ಯ ಬರುದಿಲ್ಲ.”